ಒಂಬತ್ತರಿಂದ ಹನ್ನೊಂದರವರೆಗೆ ಬಿಳಿ

1955ರ ಬೇಸಿಗೆಯ ಒಂದು ಗುರುವಾರ, ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಅಕ್ಕನ ಮಗಳು ಶಾಂತಾಳ ಮದುವೆ ಒಂದು ಕೈಗಡಿಯಾರದ ಬಿಳುಪಿನ ಮೇಲೆ ನಿಂತುಬಿಟ್ಟಿತು. ತಪ್ಪು ನನ್ನದೇ. ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುವವನು. ವಿಶೇಷಣ ಕಂಡಲ್ಲಿ ಹೊಡೆದುಹಾಕಬೇಕೆಂದು ಸಂಪಾದಕರು ಕಲಿಸಿದ್ದರು. ‘ಭೀಕರ ಬೆಂಕಿ’ ಎಂದು ಬರೆದರೆ, ಎಷ್ಟು ಬಣವೆ ಸುಟ್ಟವು ಅಷ್ಟನ್ನೇ ಹೇಳು ಎನ್ನುತ್ತಿದ್ದರು. ಈ ಶಿಸ್ತು ಬೆಂಕಿಗೆ ಸರಿ, ಮದುವೆಗೆ ಅಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ನಮ್ಮ ಕಡೆ ಮದುವೆ ಗೊತ್ತಾದಾಗ ಎರಡೂ ಕಡೆಯವರು ಕೊಡಬೇಕಾದುದನ್ನೆಲ್ಲ ಹಿರಿಯರ ಎದುರು ಕಾಗದದಲ್ಲಿ ಬರೆದು ಸಹಿ ಹಾಕುತ್ತಾರೆ. ಅದೇ ಯಾದಿ. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. ವರನ ತಂದೆ ನರಗುಂದದ ಬಸಲಿಂಗಪ್ಪನವರು ಹತ್ತಿ ಪರೀಕ್ಷಕರು. ಒಂದು ಚಿಟಿಕೆ ಹತ್ತಿಯನ್ನು ಬೆಳಕಿಗೆ ಹಿಡಿದು, ಅದನ್ನು ಎಷ್ಟನೆಯ ಸಲ ಬಿಡಿಸಿದ್ದು, ಅದರ ಮೇಲೆ ಎಷ್ಟು ಮಂಜು ಬಿದ್ದಿತ್ತು ಎಂದು ಹೇಳಬಲ್ಲವರು. ಮಗನಿಗೆ ‘ಮೊದಲ ಸಲ ಬಿಡಿಸಿದ ಹತ್ತಿಯಂಥ ಬಿಳಿ ಮುಖದ ಸ್ವಿಸ್ ಗಡಿಯಾರ’ ಬೇಕೆಂದು ಅವರು ಹೇಳಿದರು. ನಾನು ಹತ್ತಿಯನ್ನು ಬಿಟ್ಟು ‘ಬಿಳಿ ಮುಖದ ಸ್ವಿಸ್ ಗಡಿಯಾರ, ಒಂದು’ ಎಂದು ಬರೆದೆ. ಎಲ್ಲರೂ ಸಹಿ ಮಾಡಿದರು. ವಾಕ್ಯ ಬಿಗಿಯಾಗಿದೆ ಎಂದು ನನಗೆ ಹೆಮ್ಮೆಯೂ ಆಯಿತು.

ಗಜೇಂದ್ರಗಡದ ಗಡಿಯಾರದ ಅಂಗಡಿಯಲ್ಲಿ ಮುಂಬಯಿಯಿಂದ ತರಿಸಿದ ಸ್ವಿಸ್ ಗಡಿಯಾರಗಳು ಮೂರಿದ್ದವು. ಮೂರೂ ಬಿಳಿ. ಮೊದಲನೆಯದರ ಮುಖ ಪಿಂಗಾಣಿ ಬಟ್ಟಲಿನ ಹಾಗೆ ನುಣ್ಣಗಿತ್ತು. ಅದನ್ನು ನರಗುಂದಕ್ಕೆ ಒಯ್ದೆ. ಇದು ಹೊಳಪೇ ಹೊರತು ಬಿಳುಪಲ್ಲ ಎಂದು ಬಸಲಿಂಗಪ್ಪನವರು ತಿರುಗಿಸಿ ಕೊಟ್ಟರು. ಎರಡನೆಯದು ಹೊಳಪಿಲ್ಲದೆ ಸುಣ್ಣದ ಗೋಡೆಯಂತಿತ್ತು; ಅದರಲ್ಲಿ ಒಂದು ಎಳೆ ಹಳದಿ ಕಂಡಿತಂತೆ. ನನಗೆ ಕಾಣಲಿಲ್ಲ. ಆದರೆ ಬಸ್ಸಿನಲ್ಲಿ ಮರಳುವಾಗ ನನ್ನ ಧೋತರದಲ್ಲೂ ಹಳದಿ ಕಂಡಿತು. ಮನೆಗೆ ಬಂದರೆ ಅಕ್ಕ ಗಂಗವ್ವ, ಮದುವೆಗೆಂದು ತಂದ ಅಕ್ಕಿಯನ್ನು ಎರಡು ಬಿಳುಪುಗಳಾಗಿ ಆರಿಸುತ್ತ ಕುಳಿತಿದ್ದಳು.

ಮೂರನೆಯದರ ಮುಖಕ್ಕೆ ಬೆಳ್ಳಿಯ ನೀರು ಕೊಟ್ಟು, ನಡುವಿನಿಂದ ಅಂಚಿಗೆ ಕೂದಲಿನಂಥ ಗೆರೆ ಎಳೆದಿದ್ದರು. ಮದುವೆ ಭಾನುವಾರ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸಲಿಂಗಪ್ಪನವರು ನಮ್ಮ ಪಡಸಾಲೆಯಲ್ಲಿ ಅದರ ಪಕ್ಕಕ್ಕೆ ಹತ್ತಿಯಿಟ್ಟು ನೋಡಿ, ಪಾಸು ಎಂದರು. ಅವಲಕ್ಕಿ ತಿಂದು, ಚಹಾ ಕುಡಿದು, ಊರ ಸುದ್ದಿ ಕೇಳಿ, ಹೊರಡುವ ಮುಂಚೆ ಮತ್ತೊಮ್ಮೆ ನೋಡಿದರು. ಆಗ ಹನ್ನೊಂದು ದಾಟಿ, ಬಿಸಿಲು ಮಾಳಿಗೆಯ ಮೇಲೇರಿ ಪಡಸಾಲೆಗೆ ನೆರಳು ಬಂದಿತ್ತು. ಗಡಿಯಾರದ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

“ಪೇಪರಿನವರ, ಇದು ಮಳಿ ಹೊಡದ ಹತ್ತಿ ಆತು. ಯಾದಿಯೊಳಗ ಬಿಳಿ ಅಂತ ಐತಿ. ಬರದ ಮಾತು ನಡಸದ ಮನೀ ಹೆಣ್ಣು ನಮಗ ಬ್ಯಾಡ್ರಿ,” ಎಂದರು.

ಅಕ್ಕ ಅಳಲಿಲ್ಲ. ನನ್ನ ಕಡೆ ನೋಡಿ, “ತಮ್ಮಾ, ನೀ ಬರದೀ. ನೀನ ಬಿಡಸು,” ಎಂದಳು.

ತಪ್ಪಾದಾಗ ಪತ್ರಿಕೆಯವರು ಮಾಡುವುದನ್ನೇ ಮಾಡಿದೆ. ಯಾದಿಯ ಕೆಳಗೆ ತಿದ್ದುಪಡಿ ಬರೆದೆ: ‘ಸದರಿ ಗಡಿಯಾರದ ಮುಖವು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬಿಳಿ.’ ಬಸಲಿಂಗಪ್ಪನವರು ಎರಡು ಸಲ ಓದಿದರು. ಹತ್ತಿಯನ್ನೂ ತಾವು ಅದೇ ಹೊತ್ತಿನ ಬೆಳಕಿನಲ್ಲಿ ನೋಡುವುದೆಂದೂ, ಮುಹೂರ್ತ ಒಂಬತ್ತೂ ನಲವತ್ತಕ್ಕಿರುವುದರಿಂದ ಅಡ್ಡಿಯಿಲ್ಲವೆಂದೂ ಹೇಳಿ ಸಹಿ ಮಾಡಿದರು.

ಭಾನುವಾರ ನರಗುಂದದಿಂದ ಬೀಗರ ಬಸ್ಸು ದಾರಿಯಲ್ಲಿ ಗಾಲಿ ಪಂಕ್ಚರಾಗಿ ಹತ್ತೂ ಮುಕ್ಕಾಲಿಗೆ ಬಂತು. ಇನ್ನೊಂದು ಮುಹೂರ್ತ ಹನ್ನೊಂದೂ ಇಪ್ಪತ್ತಕ್ಕಿದೆ ಎಂದು ಪುರೋಹಿತರು ಎಲ್ಲರನ್ನೂ ಸಮಾಧಾನ ಮಾಡಿದರು. ನನಗೊಬ್ಬನಿಗೆ ಸಮಾಧಾನವಾಗಲಿಲ್ಲ. ಸೋದರಮಾವನಾದ ನಾನೇ ವರನ ಕೈಗೆ ಗಡಿಯಾರ ಕಟ್ಟಬೇಕಿತ್ತು. ಕಟ್ಟಿದೆ. ಅದರಲ್ಲಿ ಹನ್ನೊಂದೂ ಹತ್ತಾಗಿತ್ತು. ಬಸಲಿಂಗಪ್ಪನವರು ಕೋಟಿನ ಕಿಸೆಯಿಂದ ಹತ್ತಿ ತೆಗೆದು ಬಾಗಿದರು. ವಾಲಗದವರು ನಿಲ್ಲಿಸಿದರು. ಜನ ಅಕ್ಕಿಕಾಳು ಹಿಡಿದ ಕೈ ಹಾಗೇ ಹಿಡಿದುಕೊಂಡಿದ್ದರು.

ಶಾಂತಾ ತಲೆ ಎತ್ತದೆ ವರನಿಗೆ ಹೇಳಿದಳು: “ಅಂಗಿ ತೋಳು ಒಂಚೂರು ಕೆಳಗ ಎಳಕೋರಿ.”

ಅವರಿಬ್ಬರ ನಡುವಿನ ಮೊದಲ ಮಾತು ಅದು. ವರ ಎಳೆದುಕೊಂಡ. ಗಡಿಯಾರ ಮುಚ್ಚಿಹೋಯಿತು. ಬಸಲಿಂಗಪ್ಪನವರು ಹತ್ತಿಯನ್ನು ತೋಳಿನ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಖರೇ ಬಿಳಿ,” ಎಂದರು.

ಅಕ್ಕಿಕಾಳು ಬಿದ್ದವು. ಅಂಗಿ ವರನ ಸ್ವಂತದ್ದೆಂಬುದನ್ನು ಯಾರೂ ಎತ್ತಲಿಲ್ಲ, ನಾನೂ ಬರೆಯಲಿಲ್ಲ.

ನಿನ್ನೆ ಜಕ್ಕಲಿಯಿಂದ ಇಬ್ಬರು ಹಿರಿಯರು ನನ್ನಿಂದ ಯಾದಿ ಬರೆಸಲು ಬಂದಿದ್ದರು. ವರನಿಗೆ ಕರಿ ಮುಖದ ಗಡಿಯಾರ ಎಂದರು. ಯಾವ ಕರಿ ಎಂದು ಕೇಳಿದೆ. ಚಹಾ ಕುಡಿಯದೆ ಎದ್ದು ಹೋದರು.