ಕಪ್ಪು ಪರದೆಯ ನಾಲ್ಕು ನಿಮಿಷ

ಹುಣಸೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆದ ನನ್ನ ಅಕ್ಕನ ಮೊಮ್ಮಗಳ ಮದುವೆಯಲ್ಲಿ ನಾನು ಧಾರೆ ಎರೆದದ್ದನ್ನು ಯಾರೂ ನೋಡದಂತೆ ಮಾಡಲಾಯಿತು. ಇದು ದೂರಲ್ಲ, ನಡೆದ ಸಂಗತಿ. ನೇರಪ್ರಸಾರದ ಪರದೆಯಲ್ಲಿ ನನಗಿಂತ ಮೊದಲು ಹಾಲೆರೆದವರೆಲ್ಲ ಇದ್ದಾರೆ. ನನ್ನ ನಂತರ ಎರೆದ ಬೀಗರ ಅಣ್ಣ, ಹಾರನಹಳ್ಳಿಯ ಆ ಮಹನೀಯರು, ಕಟ್ಟಿಸಿದ ಹಲ್ಲು ಸಹಿತ ಇದ್ದಾರೆ. ನಡುವೆ ಯಾರದೋ ಬೆನ್ನು ಅಡ್ಡ ಬಂದು, ಅದು ಸರಿಯುವ ಮೊದಲೇ ನಾಲ್ಕು ನಿಮಿಷ ಪರದೆ ಕಪ್ಪಾಗಿದೆ. ಆ ಕಪ್ಪಿನೊಳಗೆ ನಾನಿದ್ದೇನೆ.

ಉಳಿದವರು ನೋಡದಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಮಿರ್ಲೆಯಲ್ಲಿ ನನ್ನ ಅಕ್ಕ ಪುಟ್ಟತಾಯಮ್ಮ ಸೊಂಟದ ಮೂಳೆ ಮುರಿದುಕೊಂಡು ಮಂಚದ ಮೇಲೆ ಮಲಗಿದ್ದಳು. ಮದುವೆಗೆ ಬರಲಾಗದ ಅವಳು ನನ್ನನ್ನು ಕರೆಸಿ, "ನನ್ ಪಾಲ್ದೂ ನೀನೇ ಹುಯ್ದು ಬಾ ಕಣೋ, ನಾನಿಲ್ಲಿ ಟೀವೀಲಿ ನೋಡ್ತೀನಿ. ಈ ಸಲನಾದ್ರೂ ಮುನಿಸ್ಕೋಬ್ಯಾಡ" ಎಂದಿದ್ದಳು. ಈ ಸಲನಾದರೂ ಎಂಬ ಮಾತಿಗೆ ಹಿನ್ನೆಲೆಯಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಅವಳ ಮಗಳು, ಅಂದರೆ ಈ ಮದುಮಗಳ ತಾಯಿ, ಸಾವಿತ್ರಿಯ ಮದುವೆಯ ಆಮಂತ್ರಣಪತ್ರದಲ್ಲಿ, ಸೋದರಮಾವನಾದ ನನ್ನ ಹೆಸರನ್ನು ಶಾಮಿಯಾನದವನೊಬ್ಬನ ಹೆಸರಿನ ಕೆಳಗೆ ಅಚ್ಚು ಹಾಕಿಸಿದ್ದರು. ಧಾರೆಯ ಹೊತ್ತಿನಲ್ಲಿ ನಾನು ಊಟದ ಮನೆಯಲ್ಲಿ ಎಲೆಗಳನ್ನು ಒರೆಸುತ್ತ ಕುಳಿತಿದ್ದೆ. ಆ ಪತ್ರ ಈಗಲೂ ನನ್ನ ಟ್ರಂಕಿನಲ್ಲಿದೆ. ಬೇಕಾದವರು ಬಂದು ನೋಡಬಹುದು.

ಈ ಸಲ ಮದುವೆ ಮುಗಿದ ಮರುದಿನ ಹೆಮ್ಮೆಯಿಂದ ಮಿರ್ಲೆಗೆ ಹೋದರೆ ಅಕ್ಕ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ವಾಲಗದ ಸದ್ದು ತಲೆಗೆ ಬಡಿಯುತ್ತದೆಂದು ಟೀವಿಯ ದನಿ ಪೂರ್ತಿ ತಗ್ಗಿಸಿಕೊಂಡೇ ಅವಳು ಮದುವೆ ನೋಡಿದ್ದಳು.

"ಎಲ್ರೂ ಬಂದ್ರು, ನೀ ಬರ್ನಿಲ್ಲ. ಅವತ್ತೂ ಅಂಗೇ, ಇವತ್ತೂ ಇಂಗೇ. ಬುಡು."

"ಹುಯ್ದೆ ಕಣಕ್ಕ. ಒಂದು ಚೊಂಬು ಪೂರಾ ಹುಯ್ದೆ."

"ಯಾರ್ ನೋಡಿದ್ರು?"

ಸಾವಿತ್ರಿ ನನ್ನ ಪರವಾಗಿ ಸಾಕ್ಷಿ ನುಡಿದರೆ, "ನಿಮ್ ಮಾವನ್ನ ನೀನು ಯಾವತ್ತು ಬುಟ್ಕೊಟ್ಟಿದ್ದೀಯೆ" ಎಂದು ಅವಳ ಬಾಯನ್ನೂ ಮುಚ್ಚಿಸಿದಳು. ಎಪ್ಪತ್ತೊಂಬತ್ತು ತುಂಬಿದ ಅಕ್ಕ ನನ್ನನ್ನು ಸುಳ್ಳನೆಂದು ತಿಳಿದುಕೊಂಡೇ ಇರುವುದು ನನ್ನಿಂದ ಸಹಿಸಲಾಗದ ವಿಷಯ.

ನಾನು ಮೂವತ್ತನಾಲ್ಕು ವರ್ಷ ದೂರವಾಣಿ ತಂತಿಗಳನ್ನು ನೋಡಿಕೊಂಡವನು, ಅದೂ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ. ಒಮ್ಮೆ ಒಂದು ಲೈನು ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಸಾಯುತ್ತಿತ್ತು. ಎಲ್ಲರೂ ಆನೆಯ ಮೇಲೆ ತಪ್ಪು ಹೊರಿಸಿದರು. ನಾನು ಕಂಬದಿಂದ ಕಂಬಕ್ಕೆ ನಡೆದು ನೋಡಿದರೆ, ದೂರು ಕೊಟ್ಟ ಮನುಷ್ಯನ ಮನೆಯವರೇ ತಂತಿಯ ಮೇಲೆ ಒದ್ದೆ ಕಂಬಳಿ ಒಣಹಾಕುತ್ತಿದ್ದರು. ದೋಷವನ್ನು ತಂತಿಯಲ್ಲಿ ಹುಡುಕಬಾರದು, ತಂತಿಯ ಹತ್ತಿರ ಬಂದವರಲ್ಲಿ ಹುಡುಕಬೇಕು ಎಂಬ ತತ್ತ್ವ ನನ್ನಲ್ಲಿ ಅಂದೇ ನೆಲೆಗೊಂಡಿತು.

ಈ ತತ್ತ್ವದಂತೆ ನನ್ನ ಅನುಮಾನ ವಿಡಿಯೋ ಮಾಡಿದ ಮಹದೇಶನ ಮೇಲೆ ಹೋಯಿತು. ಪಿರಿಯಾಪಟ್ಟಣದಲ್ಲಿ ಅವನ ಸ್ಟುಡಿಯೋ. ಅವನ ಹೆಂಡತಿಯ ತವರು ಯಾವುದೆಂದು ವಿಚಾರಿಸಿದೆ. ಹಾರನಹಳ್ಳಿ. ಇನ್ನೇನು ಬೇಕು? ಬಸ್ಸು ಹತ್ತಿದೆ.

"ಯಜಮಾನ್ರೆ, ನಿಮ್ಮನ್ನ ಕತ್ತರಿಸಿ ನಂಗೇನ್ ಬರೋದು?" ಎಂದ ಮಹದೇಶ. "ಮಂಟಪದ ಕ್ಯಾಮೆರಾ ಇದ್ದಕ್ಕಿದ್ದಂಗೆ ಸತ್ತೋಯ್ತು. ಇನ್ನೊಂದು ಊಟದ ಮನೇಲಿತ್ತು. ಅದ್ನ ಅದ್ರ ವೈರ್ ಸಮೇತ ಓಡೋಗಿ ತಂದು ಸಿಕ್ಕಿಸೋ ಹೊತ್ಗೆ ನಾಕು ನಿಮಿಷ ಆಯ್ತು."

"ಕ್ಯಾಮೆರಾದ ಒಳಗೆ ಚಿತ್ರ ಉಳಿದಿರಬೇಕಲ್ಲ?"

"ಲೈವ್ ಅಂದ್ರೆ ರೆಕಾರ್ಡಾಗೋದು ಚಿತ್ರ, ದನಿ ಎಲ್ಲಾ ಬಂದು ಸೇರೋ ಮಿಕ್ಸರಲ್ಲಿ. ಕ್ಯಾಮೆರಾಗೆ ಕಾರ್ಡೇ ಆಕಿರ್ನಿಲ್ಲ."

ಅನುಕೂಲವಾದ ಉತ್ತರ. ನಾನು ಕನ್ನಡಕ ಬದಲಿಸಿಕೊಂಡು, ಅಂದು ಬಳಸಿದ ಎಲ್ಲ ಸಾಮಾನನ್ನೂ ಅಂದು ಇದ್ದ ಕ್ರಮದಲ್ಲಿಯೇ ಜೋಡಿಸುವಂತೆ ಹೇಳಿದೆ. ಅವನು ಗೊಣಗುತ್ತ ಜೋಡಿಸಿದ. ಚಿತ್ರ ಬರಲಿಲ್ಲ. ಕ್ಯಾಮೆರಾವನ್ನು ನೇರವಾಗಿ ಟೀವಿಗೆ ಸಿಕ್ಕಿಸಿದೆವು: ಬಂತು. ಮೊದಲ ಕೇಬಲ್ಲು ಸೇರಿಸಿದೆವು: ಬಂತು. ಎರಡನೆಯದು: ಬಂತು. ಉಳಿದದ್ದು ಎರಡು ಕೇಬಲ್ಲುಗಳ ನಡುವೆ, ದೂರಕ್ಕೆ ಚಿತ್ರ ಸೊರಗದಂತೆ ತಳ್ಳುವ ಒಂದು ಸಣ್ಣ ಡಬ್ಬಿ; ಅಂದು ಅದು ಮಂಟಪದ ಹಲಗೆಯ ಕೆಳಗಿತ್ತು ಎಂದ ಮಹದೇಶ. ಅದನ್ನು ಸೇರಿಸಿದೊಡನೆ ಪರದೆ ಕಪ್ಪು. ಮಹದೇಶ ಸ್ಕ್ರೂ ಬಿಚ್ಚಿದ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಏನೋ ಒಂದು, ಅದರ ಸುತ್ತ ಇರುವೆ. ಇಬ್ಬರೂ ಮೂಸಿ ನೋಡಿದೆವು.

"ಹಾಲು," ಎಂದ ಅವನು.

ನಮ್ಮ ಕಡೆ ವಧೂವರರು ತೆಂಗಿನಕಾಯಿ ಹಿಡಿದ ಕೈ ಮೇಲೆ ನೆಂಟರು ಒಬ್ಬೊಬ್ಬರಾಗಿ ಹಾಲೆರೆಯುತ್ತಾರೆ. ಕೆಳಗಿನ ಹರಿವಾಣ ಅದನ್ನು ಹಿಡಿಯುತ್ತದೆ. ಒಬ್ಬೊಬ್ಬರದೂ ಎರಡು ಚಮಚ ಮೀರುವುದಿಲ್ಲ.

"ಪೂರ್ತಿ ಚೊಂಬು ಬಗ್ಗಿಸ್ದೋರು ಯಾರು, ನೆಪ್ಪೈತಾ?" ಎಂದ ಮಹದೇಶ.

"ಈ ಡಬ್ಬಿಯನ್ನು ಮಂಟಪದ ಹಲಗೆಯ ಕೆಳಗೆ ಇಟ್ಟವರು ಯಾರು?" ಎಂದೆ ನಾನು, ಕಠಿಣವಾಗಿ.

"ನಾನು ಮೇಲ್ಗಡೆ ಸ್ಟೂಲ್ ಮೇಲೆ ಇಟ್ಟಿದ್ದೆ. ಕಳಸದ ಪಕ್ಕ ಇದೇನ್ ದರಿದ್ರ, ಕೆಳಕ್ಕೆ ತಳ್ಳು ಅಂತ ಕೋಲಲ್ಲಿ ತೋರ್ಸಿದ್ರಲ್ಲ ಯಾರೋ ಹಿರೀಕರು. ಜರಿ ಪೇಟದೋರು."

ಅಂದು ಜರಿ ಪೇಟ ಸುತ್ತಿದ್ದವರು ಇಬ್ಬರು. ಇನ್ನೊಬ್ಬರು ವರ. ಪರರ ತಪ್ಪುಗಳಿಗಾಗಿ ಕಾದಿರಿಸಿದ ನನ್ನ ನೆನಪಿನಲ್ಲಿ ಇಂಥ ಸಣ್ಣಪುಟ್ಟ ಆಜ್ಞೆಗಳಿಗೆ ಸ್ಥಳವಿರುವುದಿಲ್ಲ.

ನಾನು ಎದ್ದು ಹೊರಡುವಷ್ಟರಲ್ಲಿ ಮಹದೇಶನಿಗೆ ಏನೋ ಹೊಳೆಯಿತು. "ಇರಿ ಯಜಮಾನ್ರೆ. ಪುರೋಹಿತರ ಮೈಕು ಬೇರೆ ವೈರಲ್ಲಿ ಮಿಕ್ಸರ್ಗೆ ಬಂದೈತೆ. ಚಿತ್ರ ಸತ್ರೂ ದನಿ ಸತ್ತಿರಾಕಿಲ್ಲ." ಆ ನಾಲ್ಕು ನಿಮಿಷವನ್ನು ಅವನು ನನ್ನ ಮೊಬೈಲಿಗೆ ಹಾಕಿಕೊಟ್ಟ. ನಾನು ಅಲ್ಲಿ ಕೇಳಲಿಲ್ಲ.

ಮಿರ್ಲೆಯಲ್ಲಿ, ಅಕ್ಕನ ಕಿವಿಯ ಬಳಿ ಮೊಬೈಲು ಹಿಡಿದೆ. ಕಪ್ಪು ಪರದೆ. ಮಂತ್ರ. ಆಮೇಲೆ ಸಾವಿತ್ರಿಯ ದನಿ: "ಸಾಕು ಮಾವ." ಪುರೋಹಿತರು: "ಸಾಕು, ಸಾಕು." ಬೀಗರ ಅಣ್ಣ: "ಯಜಮಾನ್ರೆ, ಸಾಕು ಬುಡಿ, ನಮ್ಗೂ ಒಸಿ ಉಳಿಸಿ." ಕೊನೆಗೆ ನನ್ನದೇ ದನಿ, ನಾನೇ ನಾಚುವಷ್ಟು ಗಡುಸಾಗಿ: "ಸುಮ್ನಿರಿ. ಇದ್ರಲ್ಲಿ ನಮ್ಮಕ್ಕನ ಪಾಲೂ ಐತೆ."

ಅಕ್ಕ ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನೀನೇ ಕಣೋ. ಈ ಮೊಂಡು ಬೇರೆ ಯಾರ್ಗೂ ಬರಾಕಿಲ್ಲ" ಎಂದಳು. ಮೂರನೆಯ ಸಲ ಕೇಳುವಾಗ ನಗುತ್ತಿದ್ದಳು. ಸೊಂಟ ನೋಯುತ್ತದೆಂದು ನನ್ನನ್ನೇ ಬೈದಳು.

ಅಕ್ಕನ ಮಟ್ಟಿಗೆ ವಿಷಯ ಮುಗಿಯಿತು. ನನ್ನ ಮಟ್ಟಿಗೆ ಮುಗಿದಿಲ್ಲ. ಹೊಸ ಡಬ್ಬಿಯೊಂದನ್ನು ಮಹದೇಶನಿಗೆ ಕಳುಹಿಸಿಕೊಟ್ಟಿದ್ದೇನೆ. ಅದನ್ನು ತಪ್ಪೊಪ್ಪಿಗೆಯೆಂದು ಯಾರೂ ಭಾವಿಸಬಾರದು. ಆದರೆ ಅಂದು ಮಂಟಪದ ಸುತ್ತ ನಿಂತಿದ್ದ ಸಾವಿತ್ರಿಯನ್ನೂ ಪುರೋಹಿತರನ್ನೂ ಹಾರನಹಳ್ಳಿಯ ಮಹನೀಯರನ್ನೂ ನಾನು ಕೇಳುವುದು ಇಷ್ಟೆ: ಸಾಕು ಸಾಕು ಎಂದು ಅಷ್ಟು ಬಾರಿ ಹೇಳಿದಿರಲ್ಲ, ಏಕೆ ಸಾಕು ಎಂದು ನಿಮ್ಮಲ್ಲಿ ಒಬ್ಬರಾದರೂ ಹೇಳಿದಿರಾ?