ಮಾಮಾನ ಹುಲ್ಲು, ಮಾಮಿಯ ತಕ್ಕಡಿ

ನಮ್ಮ ಸೋದರಮಾವನನ್ನು ಊಟಕ್ಕೆ ಕರೆಯುವವರು ಮೊದಲು ಅಡುಗೆಮನೆಯ ತಕ್ಕಡಿಯನ್ನು ಬಚ್ಚಿಡುವುದು ಒಳ್ಳೆಯದು. ಇಲ್ಲದಿದ್ದರೆ ನಿಮ್ಮ ಚಪಾತಿಯ ತೂಕವನ್ನು ನಿಮಗೇ ಹೇಳಿ ಹೋಗುತ್ತಾರೆ. ಖಡಕಿಯ ಕಾರ್ಖಾನೆಯಲ್ಲಿ ಜೀವಮಾನವಿಡೀ ಮಾಲು ತೂಗಿ, ಅಳೆದು, 'ಪಾಸ್', 'ನಾಪಾಸ್' ಎಂದು ಮುದ್ರೆ ಒತ್ತಿದವರು ಅವರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇವರದು ನೌಕರಿಯ ಗುಣ. ಪಿಂಚಣಿ ಬಂದರೂ ಹೋಗಲಿಲ್ಲ.

ನಿವೃತ್ತರಾದ ಮೇಲೆ ಆರು ತಿಂಗಳು ಬಾಲ್ಕನಿಯ ಕುರ್ಚಿಯಲ್ಲಿ ಮಾತಿಲ್ಲದೆ ಕೂತರು. ಊಟ ಅರ್ಧ, ನಿದ್ದೆ ಅದರರ್ಧ. ಆಮೇಲೊಂದು ದಿನ ಎದ್ದು ನಿಂತು, ದೌಂಡಿನ ಹತ್ತಿರದ ಮೂರು ಎಕರೆಯಲ್ಲಿ ಕಬ್ಬು ಕಿತ್ತು ಹುಲ್ಲು ಬೆಳೆಯುತ್ತೇನೆ ಎಂದರು. ದನಕ್ಕಲ್ಲ, ಬಸ್ಸಿಗೆ! ಹುಲ್ಲನ್ನು ಕೊಳೆಸಿ ಗಾಡಿ ಓಡಿಸುವ ಗ್ಯಾಸು ಮಾಡುವ ಘಟಕವೊಂದು ಆ ಕಡೆ ಶುರುವಾಗಿತ್ತು. ಆದರೆ ಹೊಲ ಮಾಮಿಯದು. ಶಾಲೆಯಲ್ಲಿ ಪಾಠ ಹೇಳಿ ಕೂಡಿಸಿದ ಸಂಬಳದಲ್ಲಿ ಅವರೇ ಕೊಂಡದ್ದು.

"ಒಂದ ವರ್ಷ ಕೊಡ್ತೀನ್ರಿ" ಎಂದರು ಮಾಮಿ. "ಕಬ್ಬಿನಷ್ಟು ಬರಲಿಲ್ಲಂದ್ರ ಹೊಲಕ್ಕ ಮತ್ತ ಕಬ್ಬು, ನಿಮಗ ಮತ್ತ ಕುರ್ಚಿ."

ಆ ಹುಲ್ಲು ನೋಡಿ ನಾನಂತೂ ದಂಗಾದೆ. ನೆಟ್ಟಾಗ ಗೇಣುದ್ದದ ತುಂಡು. ಮೂರು ತಿಂಗಳಿಗೆ ಹೋದರೆ ಹುಲ್ಲೇ ಇದೆ, ಮಾಮಾ ಕಾಣುತ್ತಿಲ್ಲ! ಕೂಗಿದಾಗ ಒಳಗಿನಿಂದ "ಇಲ್ಲೇ ಅದೀನಿ ಬಾ" ಅಂದರು. ಕೊಯ್ದಷ್ಟೂ ಚಿಗುರುತ್ತದಂತೆ, ಒಮ್ಮೆ ನೆಟ್ಟರೆ ಐದಾರು ವರ್ಷ ಚಿಂತೆಯಿಲ್ಲವಂತೆ.

"ಹಂಗಾದ್ರ ಗೆದ್ದಂಗ ಬಿಡ್ರಿ" ಎಂದೆ.

"ಎಲ್ಲಿ ಗೆಲ್ಲೂದು? ಇದರಾಗ ಮುಕ್ಕಾಲು ನೀರ ಅದ. ಗ್ಯಾಸಿನವರು ಒಣತೂಕಕ್ಕ ರೊಕ್ಕ ಕೊಡ್ತಾರ, ಟ್ರ್ಯಾಕ್ಟರಿನವ ಹಸಿತೂಕಕ್ಕ ಬಾಡಿಗಿ ತಗೋತಾನ. ನಾವು ನೀರು ಹೇರಕೊಂಡು ಹೊಂಟೀವಿ."

ಅಂದಿನಿಂದ ಆ ನೀರಿನ ಬೆನ್ನು ಹತ್ತಿದರು. ಒಂದು ಭಾನುವಾರ ಮಾಮಿಯ ಓವನ್ ಬಿಸಿಯಾಗಿದ್ದು ಕಂಡು, ನಾನಖಟಾಯಿಯ ಆಸೆಯಿಂದ ಬಾಗಿಲು ತೆರೆದೆ. ಒಳಗೆ ತಟ್ಟೆಯ ತುಂಬ ಹುಲ್ಲು! ತೂಗುವುದು, ಒಣಗಿಸುವುದು, ಮತ್ತೆ ತೂಗುವುದು. "ನನ್ನ ತಕ್ಕಡಿ ಹುಲ್ಲಿನ ವಾಸನಿ ಹೊಡೀತದ. ಇನ್ನ ನನ್ನ ಬೇಸನ್ ಉಂಡಿ ಆಕಳೇ ತಿನ್ನಬೇಕು" ಎಂದು ಮಾಮಿ ಗೊಣಗಿದರು. ಇಷ್ಟೆಲ್ಲ ಮಾಡಿ ಮಾಮಾ ಕಂಡುಹಿಡಿದದ್ದೇನು? ಕೊಯ್ದ ಹುಲ್ಲನ್ನು ಒಂದು ದಿನ ಹೊಲದಲ್ಲೇ ಬಿಟ್ಟರೆ ಅರ್ಧ ಬಾಡಿಗೆ ಉಳಿಯುತ್ತದೆ. "ನೀರು ಒಯ್ಯಾಕ ಸೂರ್ಯ ಬಾಡಿಗಿ ಕೇಳೂದಿಲ್ಲ" ಎಂದು ಹಿಗ್ಗಿದರು. ಅಕ್ಕಪಕ್ಕದ ಹುಲ್ಲಿನ ರೈತರೂ ಹಾಗೇ ಮಾಡತೊಡಗಿ, ಮಾಮಾನಿಗೆ ದಿನಾ ಚಹಾ ಕುಡಿಸಿದರು.

ಆ ಚಹಾ ಬಹಳ ದಿನ ನಡೆಯಲಿಲ್ಲ. ಘಟಕದವರ ತೇವಾಂಶದ ಮೀಟರಿಗೂ ಮಾಮಾನ ಓವನ್ನಿಗೂ ಲೆಕ್ಕ ತಾಳೆಯಾಗಲಿಲ್ಲ. ಮಾಮಾ ಜಗಳಕ್ಕೇ ಹೋದರು. ಅಲ್ಲಿಯ ಮ್ಯಾನೇಜರ್ ಗಾಬರಿಯಾಗಿ ಮರಾಠಿಯಲ್ಲಿ ಕೇಳಿದ: "ಕಾಕಾ, ಪೈಸೆ ಕಮೀ ಆಲೇ ಕಾ?"

"ನಾಹೀ, ಜಾಸ್ತ ಆಲೇ."

ರೊಕ್ಕ ಹೆಚ್ಚು ಬಂತೆಂದು ಜಗಳ ತೆಗೆದ ರೈತನನ್ನು ಆ ಮನುಷ್ಯ ಎಲ್ಲಿ ನೋಡಿದ್ದ! ನೀರು ಕಮ್ಮಿ ತೋರಿಸುತ್ತಿದ್ದ ಮೀಟರ್ ಸರಿಯಾಯಿತು. ಎಲ್ಲರ ಹುಲ್ಲಿಗೂ ಬರುವ ಹಣ ಇಳಿಯಿತು. ನೆರೆಯವರ ಮುಖ ಹುಲ್ಲಿಗಿಂತ ಬೇಗ ಒಣಗಿತು.

ವರ್ಷ ಮುಗಿದ ದಿನ ನಾನೂ ಅವರ ಮನೆಯಲ್ಲೇ ಊಟಕ್ಕಿದ್ದೆ. ಮಾಮಾ ತಟ್ಟೆಯ ಮುಂದೆ ತಲೆ ತಗ್ಗಿಸಿ, "ಒಂದ ಟ್ರ್ಯಾಕ್ಟರ್ ಹುಲ್ಲಿನಷ್ಟು ಕಮ್ಮಿ ಬಿತ್ತು. ಕಬ್ಬು ಪಾಸು. ನಾ ನಾಪಾಸು" ಎಂದರು. ಅವರ ಕಣ್ಣು ಬಾಲ್ಕನಿಯ ಕುರ್ಚಿಯ ಕಡೆ ಹೋದದ್ದನ್ನು ನಾನು ನೋಡಿದೆ.

"ಮೀಟರಿನ ಮಾತು ನೀವು ತಗೀದ ಇದ್ದಿದ್ರ?" ಮಾಮಿ ಕೇಳಿದರು.

"ಗೆಲ್ಲತಿದ್ದೆ."

"ನಿದ್ದಿ ಬರತಿತ್ತೇನ್ರಿ?"

ಮಾಮಾ ಯೋಚಿಸಿದರು. "ಇಲ್ಲ."

ಮಾಮಿ ಎದ್ದು ಒಳಗೆ ಹೋದರು. ವರ್ಷವಿಡೀ ಯಾವುದಕ್ಕಾಗಿ ಬೈದಿದ್ದರೋ ಆ ತಕ್ಕಡಿಯನ್ನು ಸೆರಗಿನಲ್ಲಿ ಒರೆಸಿ ತಂದು, ಮಾಮಾ ಹೊಲಕ್ಕೆ ಒಯ್ಯುವ ಚೀಲದಲ್ಲಿ ಇಟ್ಟರು.

"ಇದು ಇನ್ನ ಹುಲ್ಲಿಗೇ ಇರಲಿ" ಎಂದರು. "ಉಂಡಿಗೆ ನಾ ಬ್ಯಾರೆ ತಗೋತೀನಿ."

ಮಾಮಾ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನನಗೆ ಕಣ್ಣು ತುಂಬಿ ಬಂತು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ.