ಪಾಲಿಯ ಕಣ್ಣು ಹೋದ ಕಡೆ

ಇಷ್ಟಕ್ಕೆಲ್ಲ ಕಾರಣ ಒಂದು ಹೆಂಟೆ ಶೇಂಗಾ ಹಿಂಡಿ.

ಗಾದ್ರಪ್ಪ ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ಹಿಂಡಿ ಹೇರಿಕೊಂಡು ಬಂದು, ಮೊಳಕಾಲ್ಮೂರಿನಲ್ಲಿ ಎಮ್ಮೆ ಕಟ್ಟಿದವರಿಗೆ ಮಾರುವವನು. ಅವನ ಲಗೇಜ್ ಆಟೋದ ಹ್ಯಾಂಡ್ ಬ್ರೇಕ್ ಕೆಟ್ಟು ಎರಡು ಮಳೆಗಾಲ ಕಳೆದಿದ್ದವು. ಚಕ್ರಕ್ಕೊಂದು ಕಲ್ಲು ಕೊಟ್ಟರೆ ಗಾಡಿ ನಿಲ್ಲುವಾಗ ರಿಪೇರಿ ಯಾಕೆ ಎಂದು ಅವನ ವಾದ. ಆ ಬೆಳಿಗ್ಗೆ ಮನೆ ಮುಂದೆ ಕೈಗೆ ಕಲ್ಲು ಸಿಗಲಿಲ್ಲ. ಹಿಂಡಿಯೂ ಕಲ್ಲಿನಷ್ಟೇ ಗಟ್ಟಿಯಲ್ಲವೇ ಎಂದು ಒಂದು ಹೆಂಟೆಯನ್ನು ಚಕ್ರದಡಿ ಒತ್ತಿದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಪಾಲಿ, ಗಾಡಿ ನೋಡ್ಕೋತಿರು” ಎಂದು ಐದು ವರ್ಷದ ಮೊಮ್ಮಗಳನ್ನು ಕಾವಲಿಗೆ ಕೂರಿಸಿದ. ಅವಳ ಪೂರ್ತಿ ಹೆಸರು ಪಾಲಮ್ಮ. ಮುತ್ತಜ್ಜಿಯ ಹೆಸರು ಅಷ್ಟು ಚಿಕ್ಕ ಮೈಗೆ ಭಾರವಾಯಿತೆಂದು ಬೀದಿಯವರೆಲ್ಲ ಪಾಲಿ ಮಾಡಿದ್ದರು.

ಫೋನಿನಲ್ಲಿ ಇದ್ದವನು ರಾಂಪುರದ ಗಿರಾಕಿ. ಗಾದ್ರಪ್ಪ ಗಾಡಿಗೆ ಬೆನ್ನು ಹಾಕಿ, ಮಗಳಿಗೆ ಗಂಡು ನೋಡುವವನಂತೆ ಹಿಂಡಿಯ ಗುಣಗಾನಕ್ಕೆ ನಿಂತ. ಪಾಲಿ ಎರಡು ಸಲ ಬಂದು ಅಂಗಿ ಎಳೆದಳು. ದಿನಾ ಈ ಹೊತ್ತಿಗೆ ಅವಳಿಗೆ ಮಂಡಕ್ಕಿ ಬೇಕು.

“ಸುಮ್ನಿರೇ! ದೊಡ್ಡೋರು ಮಾತಾಡುವಾಗ ಬಾಯಿ ಹಾಕ್ಬಾರ್ದು.”

ಅತ್ತ ಪಕ್ಕದ ಮನೆ ಕೆಂಚಕ್ಕನ ಮೇಕೆ ಚಕ್ರದಡಿಯ ಹಿಂಡಿಯನ್ನು ತಿಂದು ಮುಗಿಸಿತ್ತು. ಆ ಬೀದಿಯ ಇಳಿಜಾರು ಮಳೆನೀರಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಗಾಡಿಯು ನೆಂಟರ ಮನೆಯಿಂದ ಹೊರಡುವ ಮುದುಕಿಯಂತೆ, ಹೊರಟೆ ಹೊರಟೆ ಎನ್ನುತ್ತಲೇ ಹೊರಟು, ಮಹಾಂತೇಶನ ಮಿರ್ಚಿ ಅಂಗಡಿಯ ಮಂಡಕ್ಕಿ ಚೀಲಗಳಿಗೆ ಮೂತಿ ಇಟ್ಟಿತು. ಚೀಲ ಒಡೆದು ಬೀದಿಯೆಲ್ಲ ಬೆಳ್ಳಗಾಯಿತು.

“ಲೇ ಗಾದ್ರಪ್ಪ! ಗಾಡಿ ಸಾಕಿದೀಯೋ, ಗೂಳಿ ಸಾಕಿದೀಯೋ?” ಎಂದು ಮಹಾಂತೇಶ ಮಿರ್ಚಿ ಕರಿಯುವ ಝಾರ ಹಿಡಿದುಕೊಂಡೇ ಹೊರಗೆ ಓಡಿ ಬಂದ.

ಬೀದಿಯವರ ಮುಂದೆ ಗಾದ್ರಪ್ಪನ ಮುಖ ಸುಟ್ಟಂತಾಯಿತು. “ನೋಡ್ಕೋ ಅಂದ್ರೆ ಏನ್ ನೋಡ್ತಿದ್ದೆ?” ಎಂದು ಪಾಲಿಯ ಬೆನ್ನಿಗೊಂದು ಬಿಟ್ಟ. ಹುಟ್ಟಿದಾಗಿನಿಂದ ತಾತ ಹೊಡೆದ ಮೊದಲ ಏಟು ಅದು. ಪಾಲಿ ಅಳಲಿಲ್ಲ. ತುಟಿ ಕಚ್ಚಿಕೊಂಡಳು. ಕಚ್ಚಿದ ತುಟಿ ಆಮೇಲೆ ಬಿಚ್ಚಲೂ ಇಲ್ಲ.

ಕೆಂಚಕ್ಕ ಇನ್ನೂ ಬಾಯಾಡಿಸುತ್ತಿದ್ದ ಮೇಕೆಯನ್ನು ಸೀರೆಯ ಮರೆಗೆ ಎಳೆದುಕೊಂಡು ಮುಂದೆ ಬಂದಳು. “ಮಗೀನ ಯಾಕ್ ಹೊಡಿತೀಯಣ್ಣ? ಅಷ್ಟು ದೊಡ್ಡ ಗಾಡಿ ಹೋಗಿದ್ದು ಕಾಣ್ಲಿಲ್ಲ ಅಂದ್ರೆ ಕಣ್ಣಲ್ಲೇ ಏನೋ ಐತೆ. ಚಳ್ಳಕೆರೆಗೆ ಕರ್ಕೊಂಡೋಗಿ ತೋರ್ಸು.”

ಗಾದ್ರಪ್ಪ ಹಿಂಡಿ ಇಳಿಸುವುದನ್ನೂ ಬಿಟ್ಟು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಗಾಳಿಯಂತ್ರಗಳು ಕಂಡವು. ಬೇರೆ ದಿನವಾದರೆ ಅವಳು ಒಂದೊಂದನ್ನೂ ಮಾತಾಡಿಸಿಯೇ ಮುಂದೆ ಬಿಡುತ್ತಿದ್ದಳು.

“ಅಗೋ ಪಾಲಿ, ಫ್ಯಾನು ತಿರುಗ್ತೈತೇನು?”

ಉತ್ತರವಿಲ್ಲ.

“ತಿರುಗೋದು ಕಾಣ್ತೈತೋ, ಇಲ್ವೋ?”

ಅದಕ್ಕೂ ಇಲ್ಲ. ಕಣ್ಣು ಪೂರ್ತಿ ಹೋಗಿದೆ ಎಂದುಕೊಂಡ ಗಾದ್ರಪ್ಪ ತಳಕು ಊರು ಬರುವಷ್ಟರಲ್ಲಿ ಮಾರಮ್ಮನಿಗೆ ಮೂರು ಹರಕೆ ಹೊತ್ತಿದ್ದ.

ಚಳ್ಳಕೆರೆಯ ಓಂಕಾರಮೂರ್ತಿ ಡಾಕ್ಟರು ಕಂಪ್ಯೂಟರಿನಲ್ಲಿ ಚುಕ್ಕಿಗಳನ್ನು ಓಡಿಸಿ, ಯಾವ ಕಡೆ ಹೋದವೆಂದು ಕೇಳಿದರು. ಜೋರಾಗಿ ಓಡಿದ ಚುಕ್ಕಿಗಳಿಗೆ ಪಾಲಿ ಬಾಯಿ ಬಿಡದೆ ಬೆರಳು ತೋರಿಸಿದಳು. ತೀರಾ ನಿಧಾನದವು ಬಂದಾಗ ಕೈಕಟ್ಟಿ ಕೂತಳು.

“ಕಣ್ಣು ಚೆನ್ನಾಗಿದಾವೆ ಯಜಮಾನ್ರೇ” ಎಂದರು ಡಾಕ್ಟರು. “ಎರಡು ಮೂರು ತಿಂಗಳಿಗೇ ಕೂಸು ಗಿಲಕಿ ಹೋದ ಕಡೆ ಕಣ್ಣು ಹೊರಳಿಸುತ್ತೆ. ಆದ್ರೆ ಅಲ್ಲಿಗೆ ಮುಗೀಲಿಲ್ಲ. ಜೋರಾಗಿ ಹೋಗೋದು ಬೇಗ ತಿಳಿಯುತ್ತೆ. ನಿಧಾನಕ್ಕೆ ಜರುಗೋದನ್ನ ದೊಡ್ಡೋರ ಹಂಗೆ ಗುರುತು ಹಿಡಿಯೋಕೆ ವಯಸ್ಸು ಹತ್ತಾದ್ರೂ ಆಗಬೇಕು. ಮಿದುಳು ಕಲಿಯೋದು ಅದು, ಮೆಲ್ಲಗೆ ಕಲಿಯುತ್ತೆ. ಈ ವಯಸ್ಸಿನ ಮಕ್ಕಳನ್ನ ಗಾಡಿ ಕಾಯೋಕೆ ಕೂರಿಸ್ತಾರೇನ್ರೀ?”

ಗಾದ್ರಪ್ಪನಿಗೆ ಬಿಸಿ ಮಿರ್ಚಿಯನ್ನು ಇಡಿಯಾಗಿ ನುಂಗಿದಂತಾಯಿತು. ಕಾಣದ್ದಕ್ಕೆ ಹೊಡೆದೆನಲ್ಲ! ಏಟು ಬಿದ್ದದ್ದು ಅವಳ ಬೆನ್ನಿಗೆ, ಉರಿ ಈಗ ಇವನ ಅಂಗೈಗೆ. ಬಸ್ ಸ್ಟ್ಯಾಂಡಿನಲ್ಲಿ ಬೆಂಡು ಬತ್ತಾಸು ಕೊಡಿಸಿದ. ಅವಳು ಪೊಟ್ಟಣ ಹಿಡಿದಳು, ಬಿಚ್ಚಲಿಲ್ಲ.

“ತಪ್ಪಾಯ್ತು ಕಣವ್ವ. ನಿಂಗೆ ಕಾಣ್ಲಿಲ್ಲ, ಅದು ನಂಗೆ ತಿಳೀಲಿಲ್ಲ. ಒಂದ್ ಮಾತಾಡೇ.”

ಪಾಲಿ ಬಾಯಿ ತೆರೆದಳು. ತಾತನ ಮುಖ ನೋಡಿದಳು. ಮತ್ತೆ ಮುಚ್ಚಿದಳು.

ಮಧ್ಯಾಹ್ನ ಬೀದಿಗೆ ಮರಳಿದವನೇ ಗಾದ್ರಪ್ಪ ಬೇರೆ ಎಲ್ಲಕ್ಕಿಂತ ಮೊದಲು ಒಳ್ಳೆ ದಪ್ಪ ಕಲ್ಲೊಂದನ್ನು ಹುಡುಕಿ ಚಕ್ರಕ್ಕೆ ಕೊಟ್ಟ. ಆಮೇಲೆ ಪಾಲಿಯನ್ನು ಎದುರಿನ ಕಟ್ಟೆಯ ಮೇಲೆ ಕೂರಿಸಿ, ಗಾಡಿಗೆ ಬೆನ್ನು ಹಾಕಿ ಬೀದಿಯವರನ್ನು ಕರೆದ. ಬೆಳಿಗ್ಗೆ ಎಲ್ಲರೆದುರು ಹೊಡೆದಿದ್ದ. ಅವಳ ತಪ್ಪಿಲ್ಲವೆಂದೂ ಎಲ್ಲರೆದುರೇ ಹೇಳಬೇಕಿತ್ತು. ಅಷ್ಟು ಮಾಡಿದರೆ ಮಗು ಮಾತಾಡೀತೆಂಬ ಆಸೆ. ಹೊಸ ಚೀಲ ತರಿಸಿ ಇಳಿಸಿಕೊಂಡಿದ್ದ ಮಹಾಂತೇಶನೂ ಬಂದು ನಿಂತ. ಕೆಂಚಕ್ಕ ಮಾತ್ರ ಹಿಂದೆಲ್ಲೋ ಏನೋ ಕುಟ್ಟುತ್ತಿದ್ದಳು.

“ಕೇಳ್ರಪ್ಪ, ಮಗೀದೇನೂ ತಪ್ಪಿಲ್ಲ. ನಿಧಾನಕ್ಕೆ ಹೋಗೋದು ಈ ವಯಸ್ಸಿಗೆ ತಿಳಿಯಲ್ವಂತೆ. ನಾವಾದ್ರೆ ದೊಡ್ಡೋರು, ನಮಗೆ ತಟ್ಟನೆ ಗೊತ್ತಾಗ್ತೈತೆ.”

“ಹೌದೌದು, ನಮಗಾದ್ರೆ ತಟ್ಟನೆ ಗೊತ್ತಾಗ್ತೈತೆ” ಎಂದು ಮಹಾಂತೇಶ ಪಾಲಿಯ ಮುಖ ನೋಡುತ್ತ ತಲೆಯಾಡಿಸಿದ. ಎಲ್ಲರೂ ಪಾಲಿಯನ್ನೇ ನೋಡುತ್ತಿದ್ದರು.

ಅವಳು ಕೂತಲ್ಲೇ ಕೂತಿದ್ದಳು. ಕಣ್ಣುಗುಡ್ಡೆ ಮಾತ್ರ ಎಡದಿಂದ ಬಲಕ್ಕೆ ಮೆಲ್ಲಗೆ, ಬಲು ಮೆಲ್ಲಗೆ ಸರಿಯುತ್ತಿತ್ತು.

“ಅಯ್ಯೋ ನೋಡ್ರೋ!” ಗಾದ್ರಪ್ಪ ಹಿಗ್ಗಿಹೋದ. “ಏನನ್ನೋ ಹಿಂಬಾಲಿಸ್ತಾ ಐತೆ! ಎಷ್ಟು ನಿಧಾನ, ಎಷ್ಟು ನೆಟ್ಟಗೆ! ಡಾಕ್ಟ್ರು ಹತ್ತು ತುಂಬಬೇಕು ಅಂದ್ರು, ನನ್ ಕೂಸಿಗೆ ಇವತ್ತೇ ಬಂತು!”

“ಹೂಂ ಕಣಲೇ, ಬೆಣ್ಣೆ ಜಾರಿದಂಗೆ ಜಾರ್ತಾವೆ ಕಣ್ಣು” ಎಂದ ಮಹಾಂತೇಶ. “ಅಲ್ಲಾ, ನೋಡ್ತಿರೋದೇನನ್ನ?”

ಯಾರೂ ತಿರುಗಿ ನೋಡಲಿಲ್ಲ. ಪಾಲಿಯ ಕಣ್ಣು ಬಲಗಡೆ ಮಿರ್ಚಿ ಅಂಗಡಿಯವರೆಗೆ ಹೋಗಿ ನಿಂತಿತು. ಹಿಂದೆಯೇ ಸದ್ದು. ಬೀದಿ ಎರಡನೇ ಸಲ ಬೆಳ್ಳಗಾಯಿತು.

ಆ ಕಡೆಯಿಂದ ಕೆಂಚಕ್ಕ ಕೈಯಲ್ಲಿ ಚಕ್ರಕ್ಕೆ ಕೊಟ್ಟಿದ್ದ ಅದೇ ದಪ್ಪ ಕಲ್ಲು ಹಿಡಿದು ಓಡಿ ಬಂದಳು. “ಇನ್ಮ್ಯಾಲೆ ನಿನ್ ಹಿಂಡಿ ತಂಟೆಗೆ ಬರದಂಗೆ ಮೇಕೆ ಕಟ್ಟಾಕಾಣ ಅಂತ ಗೂಟ ಬಡೀತಿದ್ದೆ ಕಣಣ್ಣ! ಕಲ್ಲು ಈಗ ತಂದಿಡ್ತಿದ್ದೆ!”

ಗಾದ್ರಪ್ಪ ಮಂಡಕ್ಕಿಯ ನಡುವೆ ಕುಸಿದು ಕೂತ. “ಪಾಲಿ, ನಿಂಗೆ ಕಾಣ್ತಿತ್ತೇನೇ? ಒಂದ್ ಮಾತು ಹೇಳ್ಬಾರ್ದಾ?”

ಪಾಲಿ ಕಟ್ಟೆಯಿಂದ ಇಳಿದು ಬಂದಳು. ಬೆಳಗಿನಿಂದ ಅವನು ಕಾದಿದ್ದ ಮಾತು ಕೊನೆಗೂ ಬಂತು.

“ಬೆಳಿಗ್ಗೆ ಎರಡ್ ಸಲ ಹೇಳಾಕ್ ಬಂದೆ ತಾತ. ಸುಮ್ನಿರು ಅಂದೆ. ಸುಮ್ನಿದ್ದೀನಿ.”